ಅಳತೆಗಂಬದ ಮೇಲೆ

ಆರೂಕಾಲಿಗೆ ಮುನಿರಾಬಾದಿನ ದಂಡೆ.
ಹೊತ್ತು ಹುಟ್ಟಿಲ್ಲ. ಗಿಣಿಗೇರಿ ಕಡೆಯ ಫ್ಯಾಕ್ಟರಿ ಹೊಗೆ ಮಾತ್ರ ಎದ್ದಿದೆ,
ಮಂಜಿನ ಜೊತೆ ಬೆರೆತು, ಯಾವುದು ಯಾರೆಂದು ತಿಳಿಯದ ಹಾಗೆ.
ಮಂಕಿಟೊಪ್ಪಿಗೆ, ಬ್ಯಾಟರಿ, ಸರಕಾರದ ವಹಿ.
ನನ್ನ ಕೆಲಸ ಇಷ್ಟೇ:
ನೀರಲ್ಲಿ ನಿಂತ ಕಂಬದ ಕಪ್ಪು ಗೆರೆ ಓದಿ
ಒಂದು ಅಂಕಿ ಬರೆಯುವುದು.

ಎಳ್ಳಮವಾಸಿ ಕಳೆದರೆ ನೀರು ದಿನಾ ಇಳಿಯುತ್ತದೆ,
ಕಾಲುವೆಗಿಷ್ಟು, ಸಿಂಧನೂರಿನ ಭತ್ತಕ್ಕಿಷ್ಟು.
ಇಳಿದಲ್ಲಿ ಎರೆಮಣ್ಣು. ಅದರೊಳಗಿಂದ
ಮುಳುಗಿದ ಯಾವುದೋ ಊರಿನ ಬದು, ಬಾವಿಯ ಕಟ್ಟೆ.
ಯಾರ ಹೊಲವೋ! ಅದರ ಮೇಲೀಗ
ಪಟ್ಟೆತಲೆ ಹೆಬ್ಬಾತುಗಳು ಸಾಲಾಗಿ ನಿಂತಿವೆ,
ಪಹಣಿಯಲ್ಲಿ ಹೆಸರಿದ್ದವರ ಹಾಗೆ.
ನಾಮದಕೋಳಿಗಳದು ತಮ್ಮತಮ್ಮಲ್ಲೇ ತಂಟೆ.
ನೀರುಕಾಗೆ ರೆಕ್ಕೆ ಬಿಚ್ಚಿದೆ,
ಒದ್ದೆ ಕರಿಕೋಟು ಆರಿಸುವ ವಕೀಲ.

ಕಡಲಕ್ಕಿ ಬರುವುದು ಕೊನೆಗೆ.
ಮೊದಲು ಸದ್ದು, ಎಣ್ಣೆ ಕಾಣದ ರಾಟೆ ಎಳೆದಂತೆ,
ಆಮೇಲೆ ಬಿಳುಪು.
ತಲೆಯ ಕಂದು ಬಣ್ಣ ಚಳಿಗಾಲಕ್ಕೆ ಕಳಚಿಟ್ಟು
ಕಿವಿಯ ಹಿಂದೆ ಒಂದೇ ಚುಕ್ಕಿ ಉಳಿಸಿಕೊಂಡಿವೆ,
ದೃಷ್ಟಿಗೆಂದು ಅವ್ವ ಇಟ್ಟ ಕಾಡಿಗೆ.

ಪೋಲಯ್ಯ ಹರಿಗೋಲು ದಂಡೆಗೆ ಹಚ್ಚಿ
ಬಲೆ ಕೊಡವುತ್ತಾನೆ. ಅವನದು ಕಾಕಿನಾಡ ಕಡೆ.
ಇಪ್ಪತ್ತು ವರ್ಷವಾಯಿತು, ಕನ್ನಡ ಇನ್ನೂ ಅರ್ಧ ಉಪ್ಪು.
"ಇವು ನಮ್ಮೂರ ಕಳ್ಳರು ಅಣ್ಣಾ," ಅನ್ನುತ್ತಾನೆ,
"ನಮ್ಮಮ್ಮ ಒಣಮೀನು ಕಾಯ್ತಾ ಕೋಲು ಹಿಡಿದು ಕೂಡೋಳು."
ಹೇಳುತ್ತಲೇ ಒಂದು ಮೀನು ಮೇಲಕ್ಕೆಸೆಯುತ್ತಾನೆ.
ಅದು ಕೆಳಗೆ ಬರುವುದೇ ಇಲ್ಲ.

ನಾನು ಕಡಲು ಕಂಡವನಲ್ಲ.
ಮದುವೆಯಾದ ವರ್ಷ ಗೋಕರ್ಣಕ್ಕೆಂದು ಹೊರಟಿದ್ದೆವು,
ಹುಬ್ಬಳ್ಳಿಯಲ್ಲಿ ಅವಳಿಗೆ ಜ್ವರ ಬಂದು ತಿರುಗಿದೆವು.
"ಹೆಂಗಿರ್ತದ ಅದು?" ಕೇಳಿದೆ.
ಪೋಲಯ್ಯ ಹಿನ್ನೀರನ್ನೊಮ್ಮೆ ಉದ್ದಕ್ಕೂ ನೋಡಿದ.
"ಹಿಂಗೇ. ಆದರೆ ಯಾರೂ ಅಳೆಯೋದಿಲ್ಲ."

ಎಣಿಸತೊಡಗಿದೆ. ಇಲಾಖೆ ಕೇಳಿದ್ದಲ್ಲ.
ನಲವತ್ತು, ಐವತ್ತೆರಡು,
ಗಿಡುಗದ ನೆರಳೊಂದು ಹಾದುಹೋಯಿತು,
ಬಾತು, ಗೊರವ, ಕಡಲಕ್ಕಿ ಎಲ್ಲ ಒಮ್ಮೆಲೇ ಎದ್ದು
ಯಾರೋ ಮೊರದಲ್ಲಿ ಕೇರಿದ ಅಕ್ಕಿಯಂತೆ
ಮೇಲೆ ಹೋಗಿ, ಹೊರಳಿ, ಮತ್ತೆ ಅಲ್ಲಲ್ಲೇ ಕೂತವು.
ಮತ್ತೆ ಒಂದರಿಂದ.

ಫೋನು. ಸಾಹೇಬರು. "ಎಷ್ಟೋ, ಇವತ್ತು?"
"ನೂರಾ ಹದಿನೇಳು, ಸರ."
ಆ ಕಡೆ ಸ್ವಲ್ಪ ಹೊತ್ತು ಉಸಿರು ಮಾತ್ರ.
"ಮುಂಜಾನೆದ್ದು ಕುಡದೀಯೇನು?"

ಚಪ್ಪಲಿ ಕೆಸರಲ್ಲೇ ಬಿಟ್ಟು ಮೊಣಕಾಲು ನೀರಿಗಿಳಿದೆ.
ಕಂಬದ ತುದಿಗೆ ಒಂದು ಕೂತಿತ್ತು. ಕೆಂಪು ಕಾಲು.
ಅದರ ಹಿಕ್ಕೆ ಜಾರಿ
ಎರಡು ಅಂಕಿ ಬೆಳ್ಳಗೆ ಮುಚ್ಚಿಹೋಗಿದ್ದವು.
ಒರೆಸಲು ಕೈ ಚಾಚಿದೆ. ಹಾರಲಿಲ್ಲ.
ಮಾಸಲು ಕಣ್ಣು ಓರೆ ಮಾಡಿ
ನನ್ನನ್ನೇ ಓದಿತು, ಬುಡದಿಂದ ತುದಿಯವರೆಗೆ.

ನೀರು ನಿನ್ನೆಗಿಂತ ಎರಡು ಬೆರಳು ಕಡಿಮೆ.
ಅದನ್ನು ಪೆನ್ನಿನಲ್ಲಿ ಬರೆದೆ.
ಅಂಚಿನಲ್ಲಿ, ಪೆನ್ಸಿಲಿನಲ್ಲಿ,
ನೂರಾ ಹದಿನೆಂಟು.