ಹೆಸರು, ವಯಸ್ಸು, ಲಿಂಗ

ಹೆಸರಿಲ್ಲದೆ ಈ ಯಂತ್ರ ಕಣ್ಣು ತೆರೆಯುವುದಿಲ್ಲ.
ರಾತ್ರಿ ಹನ್ನೊಂದಕ್ಕೆ, ಕೊನೆಯ ಪೇಷೆಂಟು
ಕೌಲ್‌ಬಜಾರಿನ ಕಡೆ ಆಟೋ ಹತ್ತಿದ ಮೇಲೆ,
ತಲೆಯಿಡುವ ತೊಟ್ಟಿಲಲ್ಲಿ ಹಳದಿ ಹೆಲ್ಮೆಟ್ಟೊಂದನ್ನು ಮಲಗಿಸಿ
ಪಟ್ಟಿ ಬಿಗಿದೆ.
ಹೆಸರು? ಎಂದಿತು ಪರದೆ. ವಯಸ್ಸು? ಲಿಂಗ?
ಅರ್ಷಿಯಾ ನಕ್ಕಳು. ಹೊರಗೆ ಬೆಂಚಿನ ಮೇಲೆ ಕೂತವನನ್ನೇ ಬರೆದೆ:
ಗಾದಿಲಿಂಗಪ್ಪ, ನಲವತ್ತೊಂದು, ಗಂಡು.
ಗರ್ಭಿಣಿಯೇ ಎಂದು ಅದು ಮುಂದೆ ಕೇಳಲಿಲ್ಲ.

ಮೇ ತಿಂಗಳ ಬಳ್ಳಾರಿಯಲ್ಲಿ
ಚಳಿಗೆ ನಡುಗಬಹುದಾದ ಕೋಣೆ ಇದೊಂದೇ.
ಶಾಲು ಹೊದ್ದು ಗಾಜಿನಾಚೆ ನಿಂತೆವು.
ಸಂಡೂರಿನ ಕ್ರಷರಿನಡಿ ಇದರ ಮೇಲೆ ಬಿದ್ದದ್ದು
ಕುಂಬಳಕಾಯಿಯಷ್ಟು ಅದಿರು;
ಅವನ ತಲೆಗೆ ನಾಲ್ಕೇ ಹೊಲಿಗೆ.
ನಾಲ್ಕೇ ಯಾಕೆ ಎಂಬುದು ಅರ್ಷಿಯಾಳ ಪ್ರಶ್ನೆ.
ಕಾಲೇಜಿನ ಕಂಪ್ಯೂಟರಿನೊಳಗೆ ಇದೇ ಹೆಲ್ಮೆಟ್ ಕಟ್ಟಿ
ಅದೇ ಕಲ್ಲನ್ನು ಸಾವಿರ ಸಲ ಬೀಳಿಸಬೇಕು ಅವಳಿಗೆ,
ಯಾರಿಗೂ ನೋವಾಗದಂತೆ.

ಹೋಳು ಹೋಳಾಗಿ ಬಂತು, ಈರುಳ್ಳಿ ಹೆಚ್ಚಿದ ಹಾಗೆ.
ಹದಿನೆಂಟು ವರ್ಷ ತಲೆಗಳನ್ನೇ ನೋಡಿದವಳು ನಾನು,
ಬಿಳಿ ಎಲುಬಿನ ಉಂಗುರದೊಳಗೆ ಬೂದು ಮಿದುಳು.
ಇಲ್ಲಿ ಬೂದು ಉಂಗುರ, ಒಳಗೆ ಕಪ್ಪು.
ಬಿಳಿಯೆಂದರೆ ಧೂಳೊಂದೇ:
ಬೆವರಿನ ಉಪ್ಪಿಗಂಟಿಕೊಂಡು ಪಟ್ಟಿಯ ಸಂದಿಯಲ್ಲಿ
ಎಲುಬಿಗಿಂತ ಹೊಳೆಯುವ ಕೆಂಪು ಧೂಳು.
ನಾಯ್ಸ್ ಎಂದು ಅರ್ಷಿಯಾ ಒರೆಸುತ್ತ ಹೋದಳು.

ನೂರಾ ನಲವತ್ಮೂರನೇ ಹೋಳಿನಲ್ಲಿ ಅವಳ ಕೈ ನಿಂತಿತು.
ಚಿಪ್ಪಿಗೂ ಒಳಪಟ್ಟಿಗೂ ನಡುವೆ, ಏನೂ ಇರಬಾರದಲ್ಲಿ,
ಮಡಿಕೆ ಮಡಿಕೆಯಾಗಿ ಏನೋ,
ಮೂಲೆಯಲ್ಲೊಂದು ಲೋಹದ ಚುಕ್ಕಿ
ಸುತ್ತಲೂ ಗೀರು ಗೀರು ಬೆಳಕು ಚೆಲ್ಲಿಕೊಂಡು.

ಬ್ಯಾಂಡೇಜಿನ ತಲೆ ಬಾಗಿಲಲ್ಲಿ ಇಣುಕಿತು.
"ಅದಾ? ಜೀನ್ಸಿನ ತುಂಡ್ರೀ.
ನಮ್ಮಾಕಿ ಜೀನ್ಸ್ ಹೊಲಿಯಾಕ ಹೋಗ್ತಾಳ.
ಬಗ್ಗಿದ್ರ ಹೆಲ್ಮೆಟ್ ಕಣ್ಣಿನ ಮ್ಯಾಲೆ ಬರ್ತಿತ್ತು,
ಆಕೀನ ತುರುಕಿ ಕೊಟ್ಟಾಳ.
ಕಂಪನ್ಯಾಗ ಹೇಳಬ್ಯಾಡ್ರಿ ಮತ್ತ."

ಅವನು ಹೋದ ಮೇಲೆ ಅರ್ಷಿಯಾ ಮೆಲ್ಲಗೆ ಅಂದಳು:
ಅಕ್ಕಾ, ಅಲ್ಲಿ ಖಾಲಿ ಇರಬೇಕು.
ತಲೆ ಕಾಯುವುದು ಪ್ಲಾಸ್ಟಿಕ್ಕಲ್ಲ, ಆ ಖಾಲಿ.
ನಾಲ್ಕೇ ಯಾಕೆ ಎಂದು ಹೊರಟವಳಿಗೆ ಈಗ
ನಾಲ್ಕಾದರೂ ಯಾಕೆ ಎಂಬ ಅನುಮಾನ.
ಆ ಚುಕ್ಕಿಯ ನೇರಕ್ಕೇ, ಅಳೆದರೆ, ಹೊಲಿಗೆ.
ಅಥವಾ ಮಡಿಕೆಯಿಲ್ಲದಿದ್ದರೆ ನಲವತ್ತಾಗುತ್ತಿತ್ತೋ.

ನಾನು ಸುಮ್ಮನಿದ್ದೆ.
ರಿಪೋರ್ಟು ಬರೆಯುವ ಅಧಿಕಾರ ಟೆಕ್ನಿಷಿಯನ್ನಿಗಿಲ್ಲ.
ಅವಳು ಎರಡು ಫೈಲು ಉಳಿಸಿದಳು,
ಬಟ್ಟೆಯಿಲ್ಲದ್ದೊಂದು, ಬಟ್ಟೆಯದ್ದೊಂದು.
ಎರಡನೆಯದಕ್ಕೆ ಹೆಸರಿಡಲು
ಅವನ ಹೆಂಡತಿಯ ಹೆಸರೇನಂತೆ ಎಂದು ಕೇಳಿದಳು.

"ಏನು ಬಂತ್ರೀ? ಸೋಮವಾರ ಪಾಳಿ ಐತಿ."
ಸೀಳಿದೆ, ಹೊಸದು ಕೇಳು, ಎಂದೆ. ಒಳಗೆ ಏನೂ ತುರುಕಬೇಡ.
ಅವನು ಹೆಲ್ಮೆಟ್ ನಮಗೇ ಬಿಟ್ಟು
ತುಂಡನ್ನು ಎಳೆದುಕೊಂಡು, ಕೊಡವಿ, ಜೇಬಿಗಿಟ್ಟ.
"ಖಾಲಿ ಬಿಟ್ರ
ಕಣ್ಣಿನ ಮ್ಯಾಲೆ ಬರ್ತೈತಲ್ರೀ."