ನೀಲಗಿರಿ ತೋರಣ

ಮಾವಿನೆಲೆ ವಿಮಾನ ಹತ್ತುವಂತಿಲ್ಲ,
ಮದುವೆ ಜಿಲಾಂಗಿನಲ್ಲಿ.
ಪ್ಲಾಸ್ಟಿಕ್ಕಿನದು ಬೇಡವೆಂದಳು ಮಗಳು,
ಥರ್ಮೋಕೋಲ್ ಮಂಟಪವೂ.

ಬಾರ್ವನ್ ದಂಡೆಯಲ್ಲಿ ಗಾಳಿ ಕೆಡವಿದ
ನೀಲಗಿರಿ ಟೊಂಗೆ ಆಯ್ದು ತಂದೆವು.
ಕೋಲಾರದಲ್ಲಿ ಇದನ್ನೇ
ಬಾವಿ ಕುಡಿದ ಕಳ್ಳನೆಂದು ಬೈದವಳು ನಾನು.
ಇಲ್ಲಿ ಅದರದೇ ಮನೆ.
ಎಲೆ ಪೋಣಿಸುವಾಗ ಬಾಯಿ ಕಟ್ಟಿತು.

ಸೀರೆ, ಹಳೆಬಟ್ಟೆ ಅಂಗಡಿಯದು. ಹನ್ನೆರಡು ಡಾಲರ್.
ಸೆರಗಿನಲ್ಲಿ ಯಾರದೋ ಅರಿಸಿನ,
ಹೆಬ್ಬೆರಳಗಲ.
ತೆಗೆಸೋಣವೇ ಅಂದೆ.
"ಇರಲಿ ಬಿಡಮ್ಮ," ಎಂದಳು ಶಾಲ್ಮಲಿ,
"ಕರೆಯದೆಯೇ ಬಂದ ನೆಂಟರು."
ಉಟ್ಟವಳು ಯಾಕೆ ಕೊಟ್ಟಳೋ
ನಾನು ಬಾಯಿಬಿಟ್ಟು ಕೇಳಲಿಲ್ಲ.

ಬೀಗಿತ್ತಿ ಮಾರ್ಗೊ ಹೂವಿಡಲೆಂದು
ಜಾಮ್ ಜಾಡಿ ತೊಳೆದು ಕಳಿಸಿದ್ದಳು, ನಲವತ್ತು.
ಒಂದರಲ್ಲಿ ಇನ್ನೂ ಏಪ್ರಿಕಾಟ್ ವಾಸನೆ.
ಅಕ್ಷತೆಗೆ ಅದನ್ನೇ ಎತ್ತಿಟ್ಟೆ.