ನೀರು ಬರೂ ದಿನ

ಕೆಟ್ಟ ಮಂದಿ ಮಾಡೂ ಕೆಟ್ಟ ಕೆಲಸಕ್ಕ
ಒಳ್ಳೇ ಅಕ್ಷರದಾಗ ಒಂದು ಕತಿ ಬರೀಬೇಕು ಅಂದ್ರು.
ಡಿ.ಸಿ. ಆಫೀಸಿನ ಮ್ಯಾಲಿನ ಖೋಲಿ,
ಉಪ್ಪಿಟ್ಟಿನ ತಾಟು ಸರಿಸಿ ನಕಾಶಿ ಹಾಸಿದ್ವಿ:
ಗದಗಿನ ಬಸ್ ಸ್ಟ್ಯಾಂಡು, ಮುಂಜಾನೆ ಹತ್ತೂವರಿ,
ಯಾರೋ ಬೇಕಂತನ ಇಟ್ಟು ಹೋದ ಡಬ್ಬಿ.
ಸಪ್ಪಳ ಸಣ್ಣದು. ಹೊಗಿ ಸಣ್ಣದು.
ಉಳಿದದ್ದು ಕಣ್ಣಿಗೆ ಕಾಣೂದಿಲ್ಲ, ಮೂಗಿಗೆ ಹತ್ತೂದಿಲ್ಲ,
ಯಂತ್ರಕ್ಕಷ್ಟ ಕೇಳ್ತೈತಿ,
ಕಿರ್ರ್ ಕಿರ್ರ್, ಕಡ್ಲಿ ಹುರದಂಗ.

"ಕತಿ ಹೆಂಗಿರಬೇಕ್ರಿ?" ಅಂದೆ.
"ಖರೇ ಅನಿಸಬೇಕು, ಯಾರೂ ಅಂಜಬಾರದು"
ಅಂದ್ರು ಯಂತ್ರದ ಜೋಡಿ ಬಂದ ಸಾಹೇಬರು.
ಹದಿನಾಲ್ಕು ವರ್ಷದ ನೌಕರಿಯೊಳಗ
ಇಷ್ಟು ಕಠಿಣ ಟಿಪ್ಪಣಿ ನಾ ಬರದಿಲ್ಲ.

ಗಾಳಿ ಯಾವ ಕಡೆಯಿಂದ ಅಂತ ಅರ್ಧಾ ತಾಸು ವಾದ.
ಕಪ್ಪತಗುಡ್ಡದ ಗಾಳಿ ಯಾರ ಮಾತು ಕೇಳೇತಿ?
ಪಡುವಲದಿಂದ ಅಂತ ಬರಕೊಂಡ್ವಿ, ಪೆನ್ಸಿಲ್‌ನಾಗ.

ಆಮ್ಯಾಲೆ ತೊಳಿಯೂ ಮಾತು.
ಅಗ್ನಿಶಾಮಕದ ಕಬಾಡೇರು ಬೆರಳು ಮಡಚಿ ಲೆಕ್ಕಾ ಹಾಕಿದ್ರು,
ಒಬ್ಬೊಬ್ಬರಿಗೆ ಇಷ್ಟು, ಐವತ್ತು ಮಂದಿಗೆ ಅಷ್ಟು,
ಎರಡು ಟ್ಯಾಂಕರ್ ಸಾಲೂದಿಲ್ಲ, ನಳಾ ಬೇಕು.
ಬಾಗಲದಾಗ ನಿಂತಿದ್ದ ವಾಲ್‌ಮನ್ ಖಾಜೇಸಾಬ ನದಾಫ
ಟೊಪಗಿ ತಗದು ಕೇಳಿದ:
"ಆ ಓಣಿಗೆ ನೀರು ಬಿಡೂದು ಹನ್ನೊಂದು ದಿನಕ್ಕೊಮ್ಮೆ ಸಾಹೇಬ್ರ.
ಡಬ್ಬಿ ಇಡಾಂವ ನೀರು ಬರೂ ದಿನಾನ ಇಡ್ತಾನೇನ್ರಿ?"
ಯಾರೋ ನಕ್ರು. ಆಮ್ಯಾಲೆ ಯಾರೂ ನಗಲಿಲ್ಲ.
ನಾ ಬರಕೊಂಡೆ.

ನನ್ನ ಪಾಲಿಗೆ ಬಂದದ್ದು ಮೈಕಿನ ಮಾತು.
ಇಂಗ್ಲಿಷ್ ಕಾಗದದ ಒಂದ ಶಬ್ದಕ್ಕ ಕನ್ನಡ ಹುಡುಕಬೇಕು.
ಮೈಮ್ಯಾಲೆ ಕಾಣದ ಧೂಳು ಕುಂತ ಮಂದಿಗೆ ಏನನಬೇಕು?
'ಕಲುಷಿತರು' ಅಂತ ಬರದು ಹೊಡದು ಹಾಕಿದೆ.
ಟೈಪಿಸ್ಟ್ ಹುಡುಗ ಸಹಜ ಅಂದ:
"ಮೈಲಿಗಿ ಆದವರು ಅನ್ರಿ ಅಕ್ಕಾರ, ಎಲ್ಲಾರಿಗೂ ತಿಳೀತೈತಿ."
ತಿಳೀತೈತಿ ತಮ್ಮಾ. ನಮ್ಮ ಕೇರಿಗೆ ಭಾಳ ಲಗೂನ ತಿಳೀತೈತಿ.
ದೂರ ನಿಲ್ರಿ, ಮುಟ್ಟಬ್ಯಾಡ್ರಿ, ಬ್ಯಾರೆ ಸಾಲು, ಬ್ಯಾರೆ ನೀರು,
ಈ ಅಭ್ಯಾಸ ನಮ್ಮವ್ವ ಹುಟ್ಟೂ ಮೊದಲ ಬಾಯಿಪಾಠ ಆಗಿತ್ತು.
ರಾತ್ರಿ ಹನ್ನೊಂದಕ್ಕ ಬರದೆ:
"ಧೂಳು ಬಿದ್ದವರು ಈ ಕಡೆ ಬರ್ರಿ.
ತೊಳದ್ರ ಹೊಕ್ಕೈತಿ. ನಿಮ್ಮ ಜೋಡಿ ನಾವು ಅದೀವಿ."

ಅಭ್ಯಾಸದ ದಿನ ಬೆಟಗೇರಿಯಿಂದ ಬಂದ್ರು,
ಗಾಯಗೊಂಡವರ ಪಾತ್ರಕ್ಕ,
ಸ್ವಸಹಾಯ ಸಂಘದ ಹದಿನೆಂಟು ಹೆಂಗಸರು;
ಊಟ, ಮತ್ತ ಎರಡನೂರು ರೂಪಾಯಿ.
ತುಳಜಾಬಾಯಿ ಬಾಕಳೆ, ಕೊರಳಾಗ ಹಳದಿ ಚೀಟಿ, ನಂಬರ್ ಹದಿನೇಳು,
ಸ್ವಂತ ಮಗ್ಗದ ಸೀರಿ.
ಇದು ಅಭ್ಯಾಸ, ಇದು ಬರೇ ಅಭ್ಯಾಸ ಅಂತ ಮೂರು ಸಲ ಹೇಳಿ
"ಮ್ಯಾಲಿನ ಅರಿವಿ ತಗದು ಚೀಲದಾಗ ಹಾಕ್ರಿ"
ಅಂತು ಮೈಕು, ನನ್ನ ದನಿಯಾಗ.
"ಎಲ್ಲಿ ತಗೀಲವ್ವಾ?" ಅಂದಳು ಆಕಿ.
ಹನ್ನೆರಡು ಸಭೆ, ನಲವತ್ತು ಹಾಳಿ, ಮೂರು ಬಣ್ಣದ ನಕಾಶಿ,
ಒಂದು ಪರದೆ ಯಾರಿಗೂ ನೆನಪಾಗಿರಲಿಲ್ಲ.
ಹೆಂಗಸರ ಗುಂಡಗ ನಿಂತ್ರು, ಬೆನ್ನು ಹೊರಗ ಮಾಡಿ,
ಸೆರಗಿಗೆ ಸೆರಗು ಹಿಡದು.

ಗಾಳಿ ಮೂಡಲದಿಂದ ಬೀಸಿತು.
ಖಾಜೇಸಾಬ ಕೀಲಿ ತಿರುವಿದ. ನೀರು ಬಂತು.

ಮತ್ತ ಬಂದ್ವು ಕೊಡ.
ಸೈರನ್ ಕೇಳಿ ಅಲ್ಲ, ಪೈಪಿನ ಉಸುರು ಕೇಳಿ,
ಪ್ಲಾಸ್ಟಿಕ್ ಕೊಡ, ಹಿತ್ತಾಳಿ ಕೊಡ, ಎಣ್ಣಿ ಡಬ್ಬಿ,
ಕೆಂಪು ಪಟ್ಟಿ ಎತ್ತಿ, ಬಗ್ಗಿ,
'ಯಾರೂ ಬರಬಾರದು' ಅಂತ ನಾವು ಗೆರಿ ಹೊಡದ ಜಾಗಕ್ಕ.
ಬಿಳೀ ಅಂಗಿಯ ಮುಖ ಕಾಣದ ಮನಷ್ಯಾ ಕೈಯಾಡಿಸಿದ,
"ವಿಷ ಐತಿ, ಹಿಂದ ಸರೀರಿ!"
"ನೀರೂ ಐತೆಲ್ಲಪಾ" ಅಂದಳೊಬ್ಬ ಹುಡುಗಿ,
ಕೊಡ ಹಿಡಿಯೂದು ಬಿಡಲಿಲ್ಲ.

ವರದಿಯ ಕಡೀ ಹಾಳಿ 'ಕಲಿತ ಪಾಠ', ಮೂರು ಗೆರಿ ಜಾಗ.
ಪರದೆ ಇಪ್ಪತ್ನಾಕು ಅಂತ ಬರದೆ.
ಗಾಳಿ ಪೆನ್ಸಿಲ್‌ನಾಗ ಇರಲಿ ಅಂತ ಬರದೆ.
ಮೂರನೇ ಗೆರಿಗೆ ಪೆನ್ನು ಹಿಡದು ಕುಂತಾಗ
ತುಳಜಾಬಾಯಿ ಮೆಟ್ಟಲಾ ಹತ್ತಿ ಬಂದಳು, ಚೀಟಿ ಇನ್ನೂ ಕೊರಳಾಗ.
"ಇದನ್ನ ಯಾರು ತಗೀಬೇಕ್ರಿ? ನಾವ ಮುಟ್ಟಬಾರದು ಅಂದಿದ್ರು."
ತಗದೆ.
ದಾರಕ್ಕ ಆಕಿ ಬೆವರು ಹತ್ತಿತ್ತು,
ನನ್ನ ಕೈಗೂ.